ತಿಪ್ಪೇಸ್ವಾಮಿಯ ಮೀಟರ್ ಕೂಗಿದಾಗ

ಚಳ್ಳಕೆರೆಯ ಟಿವಿ ರಿಪೇರಿ ತಿಪ್ಪೇಸ್ವಾಮಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು... ಕೈಕಾಲೂ ಬಿದ್ದುಹೋಗಿದ್ದವು.

ಬಲಗೈ ಹೆಬ್ಬೆರಳು ಮಾತ್ರ ಒಮ್ಮೊಮ್ಮೆ ಅಲುಗುತ್ತಿತ್ತು. "ಅದು ಬರೀ ನರದ ಸೆಳೆತ" ಅಂದಿದ್ದರು ಡಾಕ್ಟರ್.

ಆದರೆ ಕಿವಿ ಚೆನ್ನಾಗಿಯೇ ಇತ್ತು. ಅದು ಅವನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ...

ನೋಡಲು ಬಂದವರೆಲ್ಲ ಮಂಚದ ಪಕ್ಕದಲ್ಲೇ ನಿಂತು, "ಹೀಗಿರೋದಕ್ಕಿಂತ ಹೋಗಿಬಿಟ್ರೇ ವಾಸಿ" ಅನ್ನುವವರು. ಎಂಥಾ ಜನ ನೋಡಿ.

ಎಲ್ಲ ಮಾತೂ ಒಳಗೆ ಹೋಗುತ್ತಿತ್ತು, ಹೊರಗೆ ಒಂದೂ ಬರುತ್ತಿರಲಿಲ್ಲ. ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೂತ ಹಾಗೆ...

ಅವತ್ತು ತಮ್ಮ ಓಂಕಾರಿ ಬಂದ. "ನಾಳೆ ರೋಗಿಗಳನ್ನ ನೋಡಿಕೊಳ್ಳೋ ಆಶ್ರಮದ ಗಾಡಿ ಬರುತ್ತೆ ಅತ್ತಿಗೆ. ನೀವೊಬ್ರೇ ಎಷ್ಟು ಅಂತ ಮಾಡ್ತೀರ? ಅಣ್ಣಂಗೆ ಮನೆ ಯಾವ್ದು, ಆಶ್ರಮ ಯಾವ್ದು, ಏನೂ ಗೊತ್ತಾಗಲ್ಲ."

ಗೊತ್ತಾಗುತ್ತೆ ಕಣೋ... ತಿಪ್ಪೇಸ್ವಾಮಿ ಒಳಗೊಳಗೇ ಕಿರುಚಿದ. ತುಟಿ ಅಲುಗಲಿಲ್ಲ.

ಹೆಂಡತಿ ಓಬಮ್ಮ ಕಣ್ಣೊರೆಸಿಕೊಂಡು ಅವನ ಅಂಗಡಿ ಬ್ಯಾಗಿಗೆ ಬಟ್ಟೆ ತುಂಬಲು ಹೋದಳು. ತಳದಲ್ಲಿ ಅವನು ಕರೆಂಟ್ ಪರೀಕ್ಷಿಸುತ್ತಿದ್ದ ಹಳೇ ಮಲ್ಟಿಮೀಟರ್ ಇತ್ತು...

ಅಂಗಡಿಯಲ್ಲಿ ಒಮ್ಮೆ, ಮೀಟರ್ ಏನೂ ತೋರಿಸಲಿಲ್ಲ ಅಂತ ಅವಳು ಟಿವಿಯ ಪುಟ್ಟ ಬಿಡಿಭಾಗವೊಂದನ್ನು, ಡಯೋಡನ್ನು, ಕಸಕ್ಕೆ ಹಾಕಹೊರಟಿದ್ದಳು. ಅವನು ರೇಗಿದ್ದ.

"ಲೇ, ಡಯೋಡಲ್ಲಿ ಕರೆಂಟ್ ಒಂದೇ ಕಡೆ ಹೋಗೋದು. ಮೀಟರಿನ ಕಡ್ಡಿ ಅದಲು ಬದಲು ಮಾಡಿ ನೋಡು. ಒಂದು ಕಡೆಯಿಂದ ಬರಲಿಲ್ಲ ಅಂದ ತಕ್ಷಣ ಸತ್ತಿದೆ ಅಂತೀಯಲ್ಲ."

ಆ ಮಾತು ನೆನಪಾಗಿ, ಬಟ್ಟೆ ತುಂಬುತ್ತಿದ್ದ ಓಬಮ್ಮನ ಕೈ ಅಲ್ಲೇ ನಿಂತಿತು.

ಮೀಟರಿನ ಗುಂಡಿಯನ್ನು ಕಂಟಿನ್ಯೂಯಿಟಿ ಗುರುತಿಗೆ ತಿರುಗಿಸಿದಳು. ಎರಡು ಕಡ್ಡಿ ಒಂದಕ್ಕೊಂದು ತಾಗಿದರೆ ಕೂಗುತ್ತದೆ. ಕೆಂಪು ಕಡ್ಡಿಯನ್ನು ಜಡೆಯ ರಬ್ಬರ್ ಬ್ಯಾಂಡಿನಿಂದ ಅವನ ಹೆಬ್ಬೆರಳಿಗೆ ಕಟ್ಟಿ, ಕಪ್ಪು ಕಡ್ಡಿಯನ್ನು ಅದರ ಕೆಳಗಿಟ್ಟಳು.

"ರೀ... ಹೌದಾದ್ರೆ ಒಂದು ಸಲ ಒತ್ತಿ, ಇಲ್ಲ ಅಂದ್ರೆ ಎರಡು ಸಲ. ನಾನು ಮಾಡೋ ಉಪ್ಪಿಲ್ಲದ ಗಂಜಿ ಚೆನ್ನಾಗಿರುತ್ತಾ?"

"ಬಿಡಿ ಅತ್ತಿಗೆ, ಸುಮ್ನೆ ಯಾಕೆ ಸಂಕಟ ಪಡ್ತೀರ" ಅಂದ ಓಂಕಾರಿ.

ಹೆಬ್ಬೆರಳು ನಡುಗಿತು... ನಿಂತಿತು...

ಬೀಪ್.

ಸ್ವಲ್ಪ ತಡೆದು... ಬೀಪ್.

ಓಬಮ್ಮ ನಗುನಗುತ್ತಲೇ ಗೊಳೋ ಎಂದು ಅತ್ತಳು. ಉಪ್ಪಿಲ್ಲದ ಗಂಜಿಯ ಮೇಲೆ ಇಷ್ಟು ಕೋಪ ಇಟ್ಟುಕೊಂಡವನಿಗೆ ಏನೂ ಗೊತ್ತಾಗಲ್ಲ ಅಂದರೆ ಹೇಗೆ, ನೀವೇ ಹೇಳಿ.

"ಆಶ್ರಮಕ್ಕೆ ಹೋಗ್ತೀರಾ?"

ಬೀಪ್, ಬೀಪ್. ಈ ಸಲ ತಡವಾಗಲಿಲ್ಲ.

ಓಂಕಾರಿಯ ಮುಖ ಬಿಳಿಚಿತು. ಈ ಮಂಚದ ಪಕ್ಕ ನಿಂತು ತಾನು ಆಡಿದ್ದನ್ನೆಲ್ಲ ಅಣ್ಣ ಕೇಳಿಸಿಕೊಂಡಿದ್ದ... ಕುಸಿದು ಕೂತು ಅವನ ಪಾದ ಹಿಡಿದುಕೊಂಡ.

"ಅಣ್ಣಾ... ನನ್ನ ಮೇಲೆ ಸಿಟ್ಟಿದೆಯಾ?"

ಬೀಪ್.

ಓಂಕಾರಿ ಕಣ್ಣು ಮುಚ್ಚಿಕೊಂಡ. ತನಗೆ ಸಲ್ಲಬೇಕಾದ ಉತ್ತರವೇ ಅದು ಅಂದುಕೊಂಡ...

ಹೆಬ್ಬೆರಳು ಕಷ್ಟಪಟ್ಟು ಎದ್ದು, ಎರಡನೇ ಸಲ ಒತ್ತಿತು.

ಬೀಪ್.

*

ಉತ್ತರ ಬರುತ್ತಿಲ್ಲ ಅಂದರೆ ಒಳಗೆ ಯಾರೂ ಇಲ್ಲ ಅಂತಲ್ಲ... ಕೇಳುವ ದಾರಿಯನ್ನು ನಾವಿನ್ನೂ ಬದಲಿಸಿಲ್ಲ, ಅಷ್ಟೇ.

ನಿಮ್ಮ ಮನೆಯಲ್ಲೂ ಸುಮ್ಮನಾಗಿಬಿಟ್ಟವರು ಒಬ್ಬರಿರಬಹುದು... ಇವತ್ತು ಅವರನ್ನು ಏನಾದರೂ ಕೇಳಿದಿರಾ?