ಒಂದೇ ಸಲದ ಕುಸ್ತಿ

ಟೀವಿ ಕಾರ್ಯಕ್ರಮಗಳನ್ನು ಯಾರೂ ನಕಲು ಮಾಡಿ ಇಟ್ಟುಕೊಳ್ಳದಂತೆ ಬೀಗ ಬಿದ್ದ ಮೇಲೆ, ರೆಕಾರ್ಡ್ ಆಗುವಾಗ ಪರದೆ ಕಪ್ಪಾಗಿರುತ್ತಿತ್ತು. ರೆಕಾರ್ಡ್ ಆದದ್ದನ್ನು ಒಂದೇ ಸಲ ನೋಡಬಹುದಿತ್ತು. ನೋಡಿದ ಕೂಡಲೇ ಅದು ಅಳಿಸಿಹೋಗುತ್ತಿತ್ತು.

ಹುಬ್ಬಳ್ಳಿಯ ಸಾವಂತ್ರಿ ರೈಲು ಓಡಿಸುವವಳು. ಮಗಳ ಕುಸ್ತಿಯ ಫೈನಲ್ ದಿನ ಅವಳು ಡ್ಯೂಟಿಯಲ್ಲಿದ್ದಳು. ಗೆದ್ದವರು ಯಾರೆಂದು ಯಾರಿಂದಲೂ ಕೇಳಿಸಿಕೊಳ್ಳದೆ ಮರುದಿನ ಮನೆಗೆ ಬಂದಾಗ ಅತ್ತೆ ಬಸಲಿಂಗವ್ವ ಟೀವಿ ಮುಂದೆ ಚಾಪೆ ಹಾಸಿ ಕಾಯುತ್ತಿದ್ದರು.

"ರೆಕಾರ್ಡ್ ಮಾಡೇನವ್ವಾ. ಬಾ, ಕೂಡು."

"ಹಂಗಾದ್ರ ನೀವು ನೋಡಲಿಲ್ಲೇನು?" ಸಾವಂತ್ರಿಗೆ ನಂಬಲಾಗಲಿಲ್ಲ. ಮೊಮ್ಮಗಳನ್ನು ದಿನವೂ ಗರಡಿಗೆ ಕರೆದೊಯ್ದವರೇ ಅವರು. "ಪಕ್ಕದ ಮನ್ಯಾಗರ ನೋಡಬೇಕಿತ್ತು."

"ಕರದ್ರು. ಅವರು ಕೂಗೂದು ಕೇಳಬಾರದಂತ ಕಿವಿಗೆ ಹತ್ತಿ ಅರಳಿ ಇಟ್ಕೊಂಡು ಕುಂತಿದ್ದೆ. ಹೆತ್ತಾಕಿಗಿಂತ ಮೊದಲ ನಾ ಹೆಂಗ ನೋಡ್ಲಿ?"

ಇಬ್ಬರೂ ಕೂತು ನೋಡಿದರು. ಸೋಲುವಂತಿದ್ದ ಹುಡುಗಿ ಕೊನೆಯ ಗಳಿಗೆಯಲ್ಲಿ ಎದುರಾಳಿಯನ್ನು ಎತ್ತಿ ಒಗೆದಳು. ಅತ್ತೆ ಸೊಸೆ ಒಟ್ಟಿಗೆ ಕಿರುಚಿದರು. ಆಮೇಲೆ ಪರದೆ ಕಪ್ಪಾಗಿ, ರೆಕಾರ್ಡ್ ಅಳಿಸಿಹೋಯಿತು.

ಸಾವಂತ್ರಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು. "ಅತ್ತೀ, ನಿಮ್ಮಿಂದಾಗಿ ನೋಡಿದೆ," ಎಂದಳು.

ಬಸಲಿಂಗವ್ವ ಅವಳ ಕೂದಲು ಸವರಿದರು. "ಖುಷಿಗೆ ನನ್ನ ಕಣ್ಣು ಮಂಜಾಗಿತ್ತವ್ವಾ. ಕಡೀಕ ಹೆಂಗ ಎತ್ತಿದ್ಲು? ಹೇಳು."

ಸಾವಂತ್ರಿ ಎದ್ದು ಕೂತು, ಮೊದಲಿನಿಂದ ಹೇಳತೊಡಗಿದಳು.