ಸದ್ದು ಹಳೆಯದೇ ಇರಲಿ

"ಎಂಜಿನ್ ಯಾವುದಾದ್ರೂ ಹಾಕಿ ಸುಬ್ಬಣ್ಣ. ಸದ್ದು ಮಾತ್ರ ಹಳೇದೇ ಇರ್ಬೇಕು."

ಸುಬ್ಬಣ್ಣ ಬಾನೆಟ್ಟಿನೊಳಗಿನಿಂದ ತಲೆ ಎತ್ತಿದ. ಕಳಸದ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟುಕೊಂಡವನು. ಹೀಗೆ ಕೇಳಿದವರು ಈವರೆಗೆ ಯಾರೂ ಇರಲಿಲ್ಲ.

"ಸದ್ದು ಎಂಜಿನ್ನಿಂದಲೇ ಅಲ್ವಾ ಅಮ್ಮ ಬರೋದು? ಹಳೇದು ಸಾವಿರದಿನ್ನೂರು ಸಿಸಿ. ಬ್ಲಾಕೇ ಸೀಳಿದೆ. ಅದರ ಸಾಮಾನು ಈಗ ಎಲ್ಲೂ ಇಲ್ಲ. ಸಿಕ್ಕಿರೋದು ಎರಡು ಸಾವಿರದ್ದು. ಕುರಿಯ ಗಂಟಲಲ್ಲಿ ಕೋಣ ಕೂಗಿದ ಹಾಗಾಗುತ್ತೆ."

ರೂಪಶ್ರೀ ನಗಲಿಲ್ಲ. "ಕೂಗಿಸ್ಬೇಡಿ. ಕೆಮ್ಮಿಸಿ."

ಆ ಕೆಮ್ಮು ಅವನಿಗೆ ಗೊತ್ತು. ಅವಳ ಗಂಡ, ಬಾಳೂರಿನ ಕಡೆಯ ಪ್ಲಾಂಟರ್ ಚಂದ್ರಶೇಖರ, ಈ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಮಗುವಿನಂತೆ ಸಾಕಿದ್ದ. ಮೂರು ಏಟು ಸರಿಯಾಗಿ ಬಡಿದು ನಾಲ್ಕನೆಯದಕ್ಕೆ ಕೆಮ್ಮುವುದು ಅದರ ಹುಟ್ಟುಗುಣ. ಸರಿ ಮಾಡುತ್ತೇನೆಂದರೆ, "ಬಿಡು ಮಾರಾಯ, ಮನೆಯಲ್ಲಿ ಅದು ಕೇಳಿದ್ರೇನೇ ಕಾಫಿಗೆ ಇಡೋದು" ಎನ್ನುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ರೂಪಶ್ರೀ ಅಲ್ಲೇ ಎಲ್ಲ ಮುಗಿಸಿ ಒಬ್ಬಳೇ ಹಿಂದಿರುಗಿದ್ದಳು.

ಹಳೆಯ ಎಂಜಿನ್ ಇಳಿಸುವ ದಿನ ಸುಬ್ಬಣ್ಣ ಸೀಟು ಬಿಚ್ಚಿದ. ಕೆಳಗೆ ಒಂದು ಜೊತೆ ಗಂಡಸಿನ ಶೂ. ಅಟ್ಟೆಯಲ್ಲಿ ಹೊಸ ಕೆಮ್ಮಣ್ಣು. ತುದಿಗೆ ಯಾಕೋ ಹಳೆ ಬಟ್ಟೆ ತುರುಕಿತ್ತು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಕರವಸ್ತ್ರದೊಳಗೆ ಒಂದು ಡಜನ್ ಹಸಿರು ಗಾಜಿನ ಬಳೆ. ಗ್ಯಾರೇಜಿಗೆ ಬಂದು ಹೋಗುವ ರೂಪಶ್ರೀಯ ಕೈ ಬರಿದಾಗಿರುತ್ತಿತ್ತು.

ಅವಳ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅರುಣ್ ಜೀಪಿನ ಚಕ್ರಕ್ಕೆ ಗಾಳಿ ಹಾಕಿಸಲು ಬಂದವನು ಶೂ ನೋಡಿ ಹುಬ್ಬು ಹಾರಿಸಿದ. "ದಿನಾ ಸಂಜೆ ಆರಕ್ಕೆ ಈ ಕಾರು ಅವರ ಎಸ್ಟೇಟಿಗೆ ಬರುತ್ತೆ ಮಾರಾಯ. ಆಮೇಲೆ ಜಗಲಿ ಮೇಲೆ ಗಂಡಸಿನ ಶೂ ಸದ್ದು. ಆಳುಗಳನ್ನ ಕೇಳಿದ್ರೆ ಬಾಯಿ ಬಿಡಲ್ಲ."

"ನಿನಗ್ಯಾಕೆ ಕಂಡವರ ಜಗಲಿ? ನಿನ್ನ ಚಕ್ರ ನೋಡ್ಕೋ," ಎಂದ ಸುಬ್ಬಣ್ಣ. ಆದರೆ ಆ ದಿನವೆಲ್ಲ ಅವನಿಗೆ ಅದೇ ಯೋಚನೆ. ಯಾರಿಗಾಗಿ ಈ ಸದ್ದು?

ಕೆಲಸ ಮಾತ್ರ ಕೆಡಿಸಲಿಲ್ಲ. ಅಡ್ಡಪಟ್ಟಿ ಕತ್ತರಿಸಿ ಜಾಗ ಮಾಡಿದ. ರೇಡಿಯೇಟರನ್ನು ಮುಂದಕ್ಕೆ ತಳ್ಳಿದ. ದೊಡ್ಡ ಎಂಜಿನ್ ಕೂತಾಗ ಬಾನೆಟ್ಟಿಗೆ ಒಂದು ಗೂನು ಬಂತು. ಹಳೆಯ ಸೈಲೆನ್ಸರನ್ನೇ ಉಳಿಸಿ, ಪೈಪಿಗೆ ತೂತು ಕೊರೆದು, ಕಣ್ಣು ಮುಚ್ಚಿ ಕೇಳಿದ. ತೂತು ಮುಚ್ಚಿದ. ಬೇರೆ ಕಡೆ ಕೊರೆದ. ಹನ್ನೆರಡನೆಯ ದಿನ ಕಳಸೇಶ್ವರನ ದಿಕ್ಕಿಗೆ ಕೈಮುಗಿದು ಕೀ ತಿರುಗಿಸಿದ.

ಮೂರು ಏಟು. ಒಂದು ಕೆಮ್ಮು.

ಅಂಗಡಿಯ ಚೀಲ ಹಿಡಿದು ನಿಂತಿದ್ದ ರೂಪಶ್ರೀ ಗೋಡೆಗೆ ಒರಗಿದಳು. ಚೀಲ ಜಾರಿತು. ಸುಬ್ಬಣ್ಣ ಬಿದ್ದದ್ದನ್ನು ಆರಿಸಿಕೊಟ್ಟ: ಸೋಪು, ರವೆ, ಒಂದು ಪೊಟ್ಟಣ ಎಳ್ಳು.

"ಅತ್ತೆಗೆ," ಎಂದಳು ಕಣ್ಣೊರೆಸಿಕೊಂಡು. "ತಿಂಗಳಿಗೊಂದು ಸಲ ಬೇಕೇ ಬೇಕು. ಅದೂ ಕರಿ ಎಳ್ಳೇ. ಹಲ್ಲಿಲ್ಲದ ಬಾಯಿಗೆ ಎಳ್ಳು-ಬೆಲ್ಲದ ಚಪಲ ನೋಡಿ. ಮನೆ ತನಕ ಬನ್ನಿ ಸುಬ್ಬಣ್ಣ, ಏರಿನಲ್ಲಿ ಹೇಗೆ ಎಳೆಯುತ್ತೋ."

ಏರು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಮನೆಗೆ ಮುಂಚಿನ ಕೊನೆಯ ತಿರುವಿನಲ್ಲಿ ಅವಳು ಕಾರು ನಿಲ್ಲಿಸಲು ಹೇಳಿದಳು. ಇಳಿದು ಚಪ್ಪಲಿ ಬಿಟ್ಟಳು. ಸೀಟಿನ ಕೆಳಗಿಂದ ಆ ಶೂಗಳನ್ನು ಎಳೆದು ಕಾಲು ತೂರಿಸಿದಳು.

ಸುಬ್ಬಣ್ಣ ಎಂಜಿನ್ ಆರಿಸಿದ.

"ಅತ್ತೆಗೆ ಕಣ್ಣಿಲ್ಲ," ಎಂದಳು ಲೇಸು ಬಿಗಿಯುತ್ತ. "ಹೃದಯವೂ ಸೋತಿದೆ. ಮಗ ಹೋದ ಅಂತ ಕೇಳಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಮಗನಿಗೆ ಗಂಟಲು ಆಪರೇಷನ್ ಆಗಿ ಮಾತು ನಿಂತಿದೆ ಅಂತ ಹೇಳಿದೀನಿ. ದಿನಾ ಸಂಜೆ ಕಾರು ಬರುತ್ತೆ, ಶೂ ಜಗಲಿ ಹತ್ತುತ್ತೆ, ಅವರ ಕಾಲು ಮುಟ್ಟಿ ಒಳಗೆ ಹೋಗುತ್ತೆ. ಆಮೇಲೆ ಬಳೆ ಹಾಕ್ಕೊಂಡು ನಾನು ಕಾಫಿ ತರ್ತೀನಿ."

"ಈ ಹನ್ನೆರಡು ದಿನ?"

"ಚಿಕ್ಕಮಗಳೂರಲ್ಲಿ ಕೆಲಸ ಇದೆ ಅಂದೆ. ದಿನಾ ಕೇಳಿದ್ರು ಪಾಪ, ಕಾರು ಯಾವಾಗ ಬರುತ್ತೆ ಅಂತ."

ಸುಬ್ಬಣ್ಣನಿಗೆ ಅವಳ ಮುಖ ನೋಡಲಾಗಲಿಲ್ಲ. ಸ್ಟೀರಿಂಗ್ ಅವಳಿಗೆ ಬಿಟ್ಟು, ಚೀಲ ಹಿಡಿದು ಕಾರಿನ ಹಿಂದೆ ನಡೆದೇ ಹೋದ.

ಜಗಲಿಯಲ್ಲಿ ಅತ್ತೆ ಅಂಜನಮ್ಮ ಕಿವಿಗೊಟ್ಟು ಕೂತಿದ್ದರು. ಮೂರು ಏಟು, ಒಂದು ಕೆಮ್ಮು, ನಿಶ್ಶಬ್ದ. ಶೂಗಳು ಮೆಟ್ಟಿಲು ಹತ್ತಿದವು. ಬಗ್ಗಿದ ತಲೆಯ ಮೇಲೆ ಮುದುಕಿ ಕೈಯಿಟ್ಟು, ಎಂದಿಗಿಂತ ಹೆಚ್ಚು ಹೊತ್ತೋ ಏನೋ, ಹಾಗೇ ಇದ್ದರು. "ಚೆನ್ನಾಗಿರು ಕಂದ."

ಶೂಗಳು ಒಳಗೆ ಹೋದವು.

"ಯಾರು, ಸುಬ್ಬಣ್ಣನಾ?"

"ಹೌದಮ್ಮ."

"ಎಂಜಿನ್ ದೊಡ್ಡದು ಕೂರ್ಸಿದೀಯ."

ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. "ಸದ್ದು ಅದೇ ಅಲ್ವಾ ಅಮ್ಮ?"

"ಸದ್ದು ಅದೇ. ಬಹಳ ಕಷ್ಟಪಟ್ಟಿದೀಯ. ಏರಿನಲ್ಲಿ ಉಬ್ಬಸ ಇರ್ಲಿಲ್ಲ, ಅಷ್ಟೇ." ಅವರು ಕೈ ಚಾಚಿ ಚೀಲ ತೆಗೆದುಕೊಂಡರು. ತಡಕಾಡಿ ಎಳ್ಳಿನ ಪೊಟ್ಟಣ ಹುಡುಕಿ ಸೆರಗಿನಲ್ಲಿ ಗಂಟು ಹಾಕಿದರು. ಒಳಗೆ ಬಳೆಗಳು ಸದ್ದು ಮಾಡಿದವು. ಮುದುಕಿಯ ದನಿ ಇಳಿಯಿತು.

"ಅವಳಿಗೆ ಹೇಳ್ಬೇಡ ಮಾರಾಯ. ಆ ಶೂ ಹಾಕ್ಕೊಂಡಾಗ ಮಾತ್ರ ನನ್ನ ಸೊಸೆ ನೆಟ್ಟಗೆ ನಡೀತಾಳೆ. ನಾಳೆ ಅಮಾವಾಸ್ಯೆ, ಅವಳು ತೋಟಕ್ಕೆ ಹೋದ ಮೇಲೆ ಮಗನಿಗೆ ಎಳ್ಳು-ನೀರು ಬಿಡ್ತೀನಿ, ಹೋದ ವರ್ಷದಿಂದ ಬಿಡ್ತಾ ಬಂದ ಹಾಗೆ."