ಕೆಟ್ಟು ನಿಂತ ಕಾರು

ಕೊರೆಯುವ ಯಂತ್ರ ಅಂಗಳಕ್ಕೆ ಬಂದದ್ದೇ ತಡ, ಜಾಗದ ಮಾಲೀಕ ನೆರಳಲ್ಲಿದ್ದ ತನ್ನ ಕಾರನ್ನು ತಂದು ಸುಡುಬಿಸಿಲಲ್ಲಿ, ಅಂಗಳದ ನಟ್ಟನಡುವೆ ನಿಲ್ಲಿಸಿ ಕೀಲಿಯನ್ನು ಜೇಬಿಗಿಳಿಸಿದ. ಹಿಂದೆ ಇಲ್ಲಿ ಪೆಟ್ರೋಲ್ ಬಂಕ್ ಇತ್ತು. ನೆಲದಡಿಯ ಟ್ಯಾಂಕನ್ನು ಕಿತ್ತು, ಮೇಲೆ ಕಾಂಕ್ರೀಟ್ ಹಾಕಿದ್ದರು. ಅದು ಎಲ್ಲಿತ್ತೆಂದು ಹೇಳುವವರೇ ಇರಲಿಲ್ಲ. ಪಕ್ಕದ ಬೀದಿಯ ಬಾವಿನೀರು ಮಾತ್ರ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು.

“ಎಲ್ಲಿ ಬೇಕಾದ್ರೂ ಕೊರೀರಿ ಮೇಡಂ. ಕಾರು ಮಾತ್ರ ಈಗಷ್ಟೇ ಕೆಟ್ಟೋಯ್ತು, ಅಲ್ಲಾಡಲ್ಲ,” ಎಂದ ಮಾಲೀಕ.

ಮಣ್ಣು ಪರೀಕ್ಷೆಗೆ ಬಂದಿದ್ದ ಎಂಜಿನಿಯರ್ ಅಳತೆಯ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಕಳ್ಳ ಅನ್ನೋಕೂ ಮೊದ್ಲೇ ನೀವು ಮುಟ್ಕೊಂಡ್ರಲ್ಲ ಸಾರ್!” ಮತ್ತೆ ಯಂತ್ರದವನತ್ತ ತಿರುಗಿದಳು. “ಅಣ್ಣಾ, ಬಂಪರ್ ಪಕ್ಕದಲ್ಲಿ ನಿಲ್ಸಿ. ಓರೆಯಾಗಿ, ಕಾರಿನಡಿಗೇ ಕೊರೀರಿ.”

“ನನ್ನ ಕಾರಿಗೇನಾದ್ರೂ ಆದ್ರೆ ನಿಮ್ಮ ಕೆಲಸ ಹೋಗುತ್ತೆ, ನೆನಪಿರ್ಲಿ!”

“ಹೋದ್ರೆ ಹೋಗ್ಲಿ. ಮಣ್ಣು ಬಂದ್ರೆ ಸಾಕು.”

ಯಂತ್ರ ಗುಡುಗತೊಡಗಿತು. ಕೊಳವೆ ಇನ್ನೂ ನೆಲದೊಳಗೇ ಇತ್ತು. ಒಂದು ಹಿಡಿ ಮಣ್ಣೂ ಮೇಲೆ ಬಂದಿರಲಿಲ್ಲ. ಮಾಲೀಕ ಆಗಲೇ ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡಿದ್ದ.